ಉಬ್ಬಸದ ಔಷಧವೂ ಜೀವಕೋಶದ ಗ್ರಾಹಕಗಳೂ

ಶಿರೂರಿನಂಥ ಕಡಲತಡಿಯ ಊರುಗಳಲ್ಲಿ ಮಳೆಗಾಲ ಹಿಡಿಯಿತೆಂದರೆ ಗೋಡೆಗೆ ಬೂಸಲು ಹತ್ತುವುದು, ಉಬ್ಬಸವುಳ್ಳವರಿಗೆ ಉಸಿರು ಕಟ್ಟುವುದು. ಅಂಥವರು ಸಾಲ್ಬುಟಮಾಲ್ ಎಂಬ ಔಷಧದ ಪಂಪನ್ನು ಬಾಯಿಗಿಟ್ಟು ಸೇದಿದರೆ ಕೆಲವೇ ನಿಮಿಷಗಳಲ್ಲಿ ಉಸಿರು ಸಲೀಸಾಗುತ್ತದೆ. ಆದರೆ ತಿಂಗಳುಗಟ್ಟಲೆ ಅದನ್ನೇ ಮೇಲಿಂದ ಮೇಲೆ ಸೇದಿದವರು, ಮೊದಲಿನಷ್ಟು ಗುಣ ಕಾಣುವುದಿಲ್ಲವೆಂದು ಹೇಳುವುದುಂಟು. ಔಷಧವು ಕೆಟ್ಟಿತೆಂದು ತಿಳಿಯಬೇಕಾಗಿಲ್ಲ. ಯಾಕಂದರೆ ಇದರ ಒಂದು ಕಾರಣವು ನಮ್ಮ ಜೀವಕೋಶಗಳಲ್ಲಿಯೇ ಇದೆ.

ಶ್ವಾಸನಾಳಗಳ ಸುತ್ತಲೂ ಸ್ನಾಯುಗಳಿವೆ. ನರದ ತುದಿಯಿಂದ ಸ್ರವಿಸುವ ಅಸಿಟೈಲ್‌ಕೋಲಿನ್ ಎಂಬ ರಸವು ಇವುಗಳನ್ನು ಬಿಗಿಯುತ್ತದೆ. ರಕ್ತದಲ್ಲಿ ಬರುವ ಅಡ್ರಿನಾಲಿನ್ ಸಡಿಲಿಸುತ್ತದೆ. ಆದರೆ ಈ ರಸಗಳು ತಮ್ಮ ಆಜ್ಞೆಯನ್ನು ತಿಳಿಸುವುದಕ್ಕೆ ಕೋಶದೊಳಗೆ ಹೋಗುವುದಿಲ್ಲ. ಕೋಶದ ಪೊರೆಯಲ್ಲಿ ನೆಟ್ಟಿರುವ ಗ್ರಾಹಕಗಳೆಂಬ ಪ್ರೋಟೀನುಗಳನ್ನು ಹೊರಗಿನಿಂದ ಮುಟ್ಟುತ್ತವೆ, ಅಷ್ಟೇ. ಒಳಗಿನ ಕಾರ್ಯವು ಅದರಿಂದ ತೊಡಗುತ್ತದೆ. ಸಾಲ್ಬುಟಮಾಲ್ ಅಡ್ರಿನಾಲಿನ್ನಿನ ಗ್ರಾಹಕವನ್ನೇ ಮುಟ್ಟುವ ಔಷಧ. ಇಂಥ ಗ್ರಾಹಕಗಳ ಸಂಶೋಧನೆಗಾಗಿ ಲೆಫ್ಕೊವಿಟ್ಸ್ ಮತ್ತು ಕೊಬಿಲ್ಕ ಎಂಬವರಿಗೆ 2012ರಲ್ಲಿ ನೊಬೆಲ್ ಬಹುಮಾನವು ದೊರೆಯಿತು.

ಇನ್ನು ಮುಖ್ಯ ವಿಷಯ. ಕರೆಗೆ ಓಗೊಟ್ಟ ಗ್ರಾಹಕವನ್ನು ಕೋಶವು ಹಾಗೆಯೇ ಬಿಡುವುದಿಲ್ಲ. ಅದರ ಒಳಬಾಲಕ್ಕೆ ಮೊದಲು ಫಾಸ್ಫೇಟಿನ ಗುರುತು ಬೀಳುತ್ತದೆ. ಆ ಗುರುತನ್ನು ಹಿಡಿದು ಅರೆಸ್ಟಿನ್ ಎಂಬ ಪ್ರೋಟೀನು ಬಂದು ಅಂಟಿಕೊಂಡು ಸಂದೇಶವನ್ನು ತಡೆಯುತ್ತದೆ. ಆಮೇಲೆ ಆ ಸ್ಥಳದ ಪೊರೆಯು ಕುಳಿಬೀಳುತ್ತದೆ. ಕ್ಲಾಥ್ರಿನ್ ಎಂಬ ಪ್ರೋಟೀನು ಒಳಗಿನಿಂದ ಕುಳಿಯ ಸುತ್ತ ಬುಟ್ಟಿಯಂತೆ ಹೆಣೆದುಕೊಳ್ಳುತ್ತದೆ. ಕುಳಿಯು ಕಡಿದು ಸಣ್ಣ ಚೀಲವಾಗಿ ಒಳಸೇರುತ್ತದೆ. ಇಂಥ ಕುಳಿಗಳನ್ನು ರಾತ್ ಮತ್ತು ಪೋರ್ಟರ್ ಎಂಬವರು 1964ರಲ್ಲಿ ವರ್ಣಿಸಿದ್ದು ಎಲ್ಲಿಯೆಂದು ನೆನಸುತ್ತೀರಿ? ಸೊಳ್ಳೆಯ ತತ್ತಿಯಲ್ಲಿ! ಕ್ಲಾಥ್ರಿನ್ನನ್ನು 1976ರಲ್ಲಿ ಹಂದಿಯ ಮೆದುಳಿನಿಂದ ಬೇರ್ಪಡಿಸಿ ಹೆಸರಿಟ್ಟವರು ಬಾರ್ಬರಾ ಪಿಯರ್ಸ್ ಎಂಬ ಮಹಿಳೆ. ನಮ್ಮ ಹುಡುಗಿಯರು ಇದನ್ನು ಅರಿತಿರಲಿ.

ಒಳಹೋದ ಗ್ರಾಹಕದ ಗತಿ ಏನು? ನಮ್ಮ ಕರಾವಳಿಯಲ್ಲಿ ದಡಕ್ಕೆಳೆದ ದೋಣಿಗಳಲ್ಲಿ ಹೆಚ್ಚಿನವು ದುರಸ್ತಾಗಿ ಮರಳಿ ನೀರಿಗಿಳಿಯುತ್ತವೆ, ಕೆಲವನ್ನು ಒಡೆದು ಹಾಕುತ್ತಾರೆ. ಹಾಗೆಯೇ ಕರೆಯು ಅಲ್ಪಕಾಲದ್ದಾದರೆ ಗ್ರಾಹಕವು ಗುರುತು ಕಳೆದು ಪೊರೆಗೆ ಹಿಂದಿರುಗುತ್ತದೆ. ಬಹುಕಾಲ ಎಡೆಬಿಡದಿದ್ದರೆ ಕೋಶದೊಳಗೆ ಜೀರ್ಣವಾಗಿಹೋಗುತ್ತದೆ. ಹೀಗೆ ಪೊರೆಯ ಮೇಲಿನ ಗ್ರಾಹಕಗಳು ಕಡಿಮೆಯಾಗಲಾಗಿ ಔಷಧದ ಬಲವೂ ತುಸು ಕುಗ್ಗುತ್ತದೆ.

ಆದರೂ ಇದೊಂದೇ ಕಾರಣವಲ್ಲ. ಸಾಲ್ಬುಟಮಾಲ್ ಸ್ನಾಯುವನ್ನು ಸಡಿಲಿಸುವುದೇ ಹೊರತು ನಾಳದೊಳಗಿನ ಬಾವನ್ನು ಇಳಿಸದು. ಆದಕಾರಣ ಹದಿಹರೆಯದವರೂ ವಯಸ್ಕರೂ ಅದೊಂದನ್ನೇ ನೆಚ್ಚಿಕೊಳ್ಳಬಾರದೆಂದು ಗೀನಾ ಎಂಬ ಅಂತರರಾಷ್ಟ್ರೀಯ ವೈದ್ಯಸಂಸ್ಥೆಯು 2019ರಲ್ಲಿ ಸೂಚಿಸಿತು. ಸೇದುವ ಸ್ಟೀರಾಯ್ಡ್ ಬಾವನ್ನು ಇಳಿಸುತ್ತದೆ. ಇಂಥ ಔಷಧಗಳು ಹೊಸ ಗ್ರಾಹಕಗಳನ್ನು ನಿರ್ಮಿಸುವಂತೆ ಕೋಶವನ್ನು ಪ್ರೇರಿಸುವುದೂ ಉಂಟು. ಮಗಳಿಗೆ ಉಬ್ಬಸವಿದೆಯೆಂಬುದು ಮದುವೆಯ ಮಾತಿಗೆ ಅಡ್ಡಿಯಾದೀತೆಂದು ಪಂಪನ್ನು ಬಚ್ಚಿಡಿಸುವ ತಾಯಂದಿರು, ಅವಳು ಅದನ್ನು ವಾರಕ್ಕೆ ಎಷ್ಟು ಬಾರಿ ಸೇದುತ್ತಾಳೆಂದು ಎಣಿಸಿ ವೈದ್ಯರಿಗೆ ತಿಳಿಸುವುದು ಲೇಸು. ಉಸಿರು ಕಟ್ಟಿದಾಗ ಮಾತ್ರ ಸಾಲ್ಬುಟಮಾಲನ್ನು ತಡೆಯದೆ ಕೊಡಬೇಕು; ಅದಕ್ಕೂ ತಗ್ಗದಿದ್ದರೆ ಕೂಡಲೇ ಆಸ್ಪತ್ರೆಗೆ ಒಯ್ಯಬೇಕು. ಸ್ಟೀರಾಯ್ಡ್ ಸೇದಿದ ಬಳಿಕ ಬಾಯಿ ಮುಕ್ಕಳಿಸಿ ಉಗುಳಬೇಕು. ಇಲ್ಲವಾದರೆ ನಾಲಿಗೆಯ ಮೇಲೆ ಬಿಳಿಯ ಅಗ್ರ ಹತ್ತುವುದುಂಟು.