ಮಾತ್ರೆಗಿಂತ ವಾರ ಮುಖ್ಯ

ಪ್ರಶ್ನೆ: ಅಮ್ಮನಿಗೆ 56 ವರ್ಷ. ಬೆಳಗ್ಗೆ ಎದ್ದರೆ ಕೈಬೆರಳು ಮಡಚಲು ಆಗುವುದಿಲ್ಲ. ರುಮಟಾಯ್ಡ್ ಸಂಧಿವಾತ ಎಂದು ಡಾಕ್ಟರು ಮೆಥೊಟ್ರೆಕ್ಸೇಟ್ ಬರೆದುಕೊಟ್ಟರು. ಮೆಡಿಕಲ್ ಶಾಪಿನವರು ‘ಇದು ಕ್ಯಾನ್ಸರ್ ಮಾತ್ರೆ’ ಅಂದಿದ್ದೇ ತಡ, ಅಮ್ಮ ಅದನ್ನು ಮುಟ್ಟುತ್ತಿಲ್ಲ. ಕೊಡಲೋ, ಬಿಡಲೋ?
–ಹೆಸರು ಬೇಡ, ಹಾಸನ

ಉತ್ತರ: ಅಂಗಡಿಯವರ ಮಾತು ಸುಳ್ಳಲ್ಲ, ಆದರೆ ಅರ್ಧಕ್ಕೇ ನಿಂತಿದೆ. ಭೀಮಾವರಂನಲ್ಲಿ ಹುಟ್ಟಿ ಅಮೆರಿಕಕ್ಕೆ ಹೋದ ಯಲ್ಲಾಪ್ರಗಡ ಸುಬ್ಬರಾವ್ ಅವರ ತಂಡ 1940ರ ದಶಕದಲ್ಲಿ ರೂಪಿಸಿದ ಔಷಧಿ ಇದು. ರಕ್ತದ ಕ್ಯಾನ್ಸರಿಗೆ ಇಂದಿಗೂ ಬಳಕೆಯಲ್ಲಿದೆ. ಕೆಲವು ಕ್ಯಾನ್ಸರ್‌ಗಳಿಗೆ ಗ್ರಾಂ ಲೆಕ್ಕದಲ್ಲಿ ಡ್ರಿಪ್ ಮೂಲಕ ಕೊಡುತ್ತಾರೆ. ಸಂಧಿವಾತಕ್ಕೆ ಕೊಡುವುದು ವಾರಕ್ಕೆ ಸುಮಾರು 7.5ರಿಂದ 25 ಮಿಲಿಗ್ರಾಂ ಮಾತ್ರ. ಅಷ್ಟರಲ್ಲಿ ಅದು ಮಾಡುವ ಕೆಲಸವೇ ಬೇರೆ: ಸ್ವಂತ ಕೀಲುಗಳ ಮೇಲೇ ತಿರುಗಿಬಿದ್ದ ರೋಗನಿರೋಧಕ ಶಕ್ತಿಯನ್ನು ತಣ್ಣಗಾಗಿಸುವುದು. ಬೆರಳು ಸೊಟ್ಟಗಾಗುವ ಮೊದಲೇ ಶುರುಮಾಡಿದರೆ ಒಳ್ಳೆಯದು. ಗುಣ ಕಾಣಲು ಒಂದೂವರೆ-ಎರಡು ತಿಂಗಳಾದರೂ ಬೇಕು, ಅಮ್ಮನಿಗೆ ಮೊದಲೇ ಹೇಳಿಡಿ.

ನನಗೆ ಭಯವಿರುವುದು ಬೇರೆ ಕಡೆ. ಇದು ವಾರಕ್ಕೆ ಒಂದೇ ದಿನ ತೆಗೆದುಕೊಳ್ಳುವ ಮಾತ್ರೆ. ಬಿಪಿ ಮಾತ್ರೆಯ ಹಾಗೆ ದಿನಾ ನುಂಗಿ ಜೀವ ಕಳೆದುಕೊಂಡವರಿದ್ದಾರೆ. ಸೋಮವಾರವೋ ಗುರುವಾರವೋ, ಒಂದು ವಾರ ಗೊತ್ತುಮಾಡಿ ಅಡುಗೆಮನೆ ಕ್ಯಾಲೆಂಡರಿನಲ್ಲಿ ಕೆಂಪು ಶಾಯಿಯಲ್ಲಿ ಸುತ್ತುಹಾಕಿ. ಮಾತ್ರೆ ಪಟ್ಟಿಯನ್ನು ಬಿಪಿ, ಶುಗರ್ ಡಬ್ಬಿಯಲ್ಲಿ ಇಡಬೇಡಿ, ನೀವೇ ಎಣಿಸಿ ಕೈಗೆ ಕೊಡಿ. ಜೊತೆಗೆ ಬರೆದಿರುವ ಫೋಲಿಕ್ ಆಸಿಡ್ ಬಹುಮಟ್ಟಿಗೆ ಬೇರೆ ದಿನಕ್ಕಿರುತ್ತದೆ. ಎರಡೂ ಹಳದಿ ಬಣ್ಣದಲ್ಲಿ ಬರುವುದುಂಟು, ಅದಲುಬದಲಾಗದಂತೆ ನೋಡಿಕೊಳ್ಳಿ. ತಪ್ಪಿ ಹೆಚ್ಚು ನುಂಗಿದ್ದರೆ, ಆರಾಮಾಗಿದ್ದೇನೆ ಎಂದರೂ ಕೇಳದೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ. ಬೇಗ ಹೋದರೆ ಪ್ರತಿಮದ್ದು ಇದೆ.

ತಿಳಿಸಾರು ಅನ್ನವೂ ಉರಿಯುವಷ್ಟು ಬಾಯಿಹುಣ್ಣಾದರೆ ಅದನ್ನು ‘ಉಷ್ಣ’ ಎಂದು ಮಜ್ಜಿಗೆ ಕೊಟ್ಟು ಸುಮ್ಮನಾಗಬೇಡಿ. ಜ್ವರ, ಒಣಕೆಮ್ಮು, ಏದುಸಿರು, ಕಣ್ಣು ಹಳದಿಯಾಗುವುದು, ಮೈಮೇಲೆ ರಕ್ತ ಹೆಪ್ಪುಗಟ್ಟಿದಂಥ ಕಲೆ, ಇವು ಕಂಡರೂ ಅಂದೇ ಡಾಕ್ಟರಿಗೆ ತಿಳಿಸಿ. ರಕ್ತಕಣ, ಲಿವರ್, ಕಿಡ್ನಿ ಪರೀಕ್ಷೆ ಶುರುವಿಗೆ ಮೊದಲೂ ಬೇಕು, ಆಮೇಲೂ ಆಗಾಗ ಬೇಕು. ಮೂತ್ರದ ಸೋಂಕಿಗೆ ಕೊಡುವ ಕೋಟ್ರೈಮಾಕ್ಸಜೋಲ್ ಇದರ ಜೊತೆ ಅಪಾಯಕಾರಿ. ಯಾವ ಡಾಕ್ಟರಲ್ಲಿಗೆ ಹೋದರೂ ಈ ಮಾತ್ರೆಯ ಹೆಸರು ಹೇಳಿ. (ಬಸುರಿಯರು, ಮಗು ಬೇಕೆನ್ನುವವರು ಇದನ್ನು ತೆಗೆದುಕೊಳ್ಳುವಂತಿಲ್ಲ.)

ಈ ವಾರವೇ ಅಮ್ಮನನ್ನು ಮಾತ್ರೆ ಬರೆದ ಡಾಕ್ಟರ ಎದುರು ಕೂರಿಸಿ, ಅವರ ಭಯವನ್ನು ಅವರೇ ಹೇಳಿಕೊಳ್ಳಲಿ. ಯಾವ ವಾರ, ಎಷ್ಟು ಮಾತ್ರೆ ಎಂಬುದನ್ನು ಚೀಟಿಯ ಮೇಲೆ ಕನ್ನಡದಲ್ಲೇ ಬರೆಸಿಕೊಂಡು ಬನ್ನಿ.