ಡೋನಟ್ ಮೇಲೊಂದಿಷ್ಟು ಖುಬಾನಿ

ಹೈದರಾಬಾದಿನಲ್ಲಿ ಮನೆಯಲ್ಲೇ ಡೋನಟ್ ಕರಿಯಲು ಹೊರಟವರನ್ನು ಹಿಟ್ಟು ಅಷ್ಟಾಗಿ ಕಾಡುವುದಿಲ್ಲ, ಎಣ್ಣೆಯೂ ಕಾಡುವುದಿಲ್ಲ. ಕಾಡುವುದು ಹಣ್ಣಿನ ನೀರು. ಸಕ್ಕರೆಪುಡಿಯ ಗ್ಲೇಜ್ ಹಚ್ಚಿದ ಡೋನಟ್ ಮೇಲೆ ಬೇನಿಶಾನ್ ಮಾವಿನ ಹೋಳು ಜೋಡಿಸಿ ಸ್ವಲ್ಪ ಹೊತ್ತು ಬಿಟ್ಟು ನೋಡಿ. ಸಕ್ಕರೆ ಹಣ್ಣಿನ ರಸವನ್ನು ಹೊರಗೆಳೆಯುತ್ತದೆ, ಆ ರಸಕ್ಕೆ ಗ್ಲೇಜ್ ಕರಗುತ್ತದೆ, ಕರಗಿದ ಪಾಕ ಇಳಿದು ಅಡಿಯ ಡೋನಟ್ ತೊಪ್ಪೆಯಾಗುತ್ತದೆ. ಮೇ ತಿಂಗಳ ಸೆಕೆಯಲ್ಲಂತೂ ಇದಕ್ಕೆ ಬಹಳ ಹೊತ್ತು ಬೇಡ.

ಕಾಚಿಗುಡ, ಬರ್ಕತ್‌ಪುರದ ಸುತ್ತಮುತ್ತ ಕನ್ನಡದ ಮನೆಗಳು ಇಂದು ನಿನ್ನೆಯವಲ್ಲ. ಬೀದರ್, ಕಲಬುರಗಿ, ರಾಯಚೂರು 1956ರವರೆಗೆ ಹೈದರಾಬಾದ್ ರಾಜ್ಯದಲ್ಲೇ ಇದ್ದವು. ಓದಿಗೆ, ನೌಕರಿಗೆ ಬಂದವರು ಇಲ್ಲೇ ನೆಲೆ ನಿಂತರು. ಕಾಚಿಗುಡದಲ್ಲಿ ಮಕ್ಕಳಿಗೆ ಕನ್ನಡ ಕಲಿಸಲು ನೃಪತುಂಗ ಶಾಲೆ ಬಂತು. ಈ ಮನೆಗಳ ಹಿರಿಯ ಹೆಂಗಸರಿಗೆ ಡೋನಟ್ ಹೊಸದು, ಆದರೆ ಖುಬಾನಿ, ಅಂದರೆ ಒಣಗಿಸಿದ ಏಪ್ರಿಕಾಟ್, ಹಳೆಯ ಪರಿಚಯ. ಬೀದರ ಕಡೆಯ ನೆರೆಮನೆಯ ಅಜ್ಜಿಯೊಬ್ಬರು ನನ್ನ ತಟ್ಟೆ ನೋಡಿ ಹೇಳಿದ್ದು ಎರಡೇ ಮಾತು: “ಹಸೀ ಹಣ್ಣ ಯಾಕ ಇಡ್ತೀಯವ್ವಾ? ಖುಬಾನಿ ಕುದಿಸಿ ಇಡು, ನೀರ ಬಿಡಂಗಿಲ್ಲ.”

ಆ ಮಾತಿನ ಹಿಂದೆ ಜಗತ್ತಿನ ಅನುಭವವೇ ಇದೆ. ಜರ್ಮನಿಯ ಬರ್ಲಿನರ್ ಇರಲಿ, ಹನುಕ್ಕಾ ಹಬ್ಬಕ್ಕೆ ಯಹೂದಿಗಳು ಕರಿಯುವ ಸುಫ್‌ಗಾನಿಯಾ ಇರಲಿ, ಒಳಗೆ ತುಂಬುವುದು ಕಾಯಿಸಿದ ಜಾಮ್, ಹಸಿ ಹಣ್ಣಲ್ಲ. ಡೋನಟ್‌ನ ಪೂರ್ವಜ ಎನ್ನಲಾಗುವ ಡಚ್ಚರ ಎಣ್ಣೆ ಕೇಕುಗಳಿಗೆ ಒಣದ್ರಾಕ್ಷಿ ಹಾಕುತ್ತಿದ್ದರು. ನಮ್ಮ ಕರಾವಳಿಯವರು ನೀರಿನ ತಕರಾರನ್ನು ಬೇರೆಯೇ ದಾರಿಯಲ್ಲಿ ಬಗೆಹರಿಸಿದ್ದಾರೆ. ಮಂಗಳೂರು ಬನ್ಸ್‌ಗೆ ಬಾಳೆಹಣ್ಣು ಹಿಟ್ಟಿನೊಳಗೇ ಸೇರುತ್ತದೆ. ಮೈದಾ ಕಲಸುವುದೇ ಹಣ್ಣಿನ ತೇವದಲ್ಲಿ. ಹಲಸಿನ ಹಣ್ಣಿನ ಮುಳ್ಕವೂ ಹಾಗೆಯೇ. ಹಣ್ಣನ್ನು ಒಳಗೆ ಸೇರಿಸದೆ ಮೇಲೆ ಇಡಬೇಕೆಂದರೆ ಮೊದಲು ಅದರ ನೀರನ್ನು ಇಳಿಸಬೇಕು.

ಬೇಗಂ ಬಜಾರಿನ ಒಣಹಣ್ಣಿನ ಅಂಗಡಿಗಳಲ್ಲಿ ಖುಬಾನಿ ಎರಡು ಬಗೆಯಲ್ಲಿ ಸಿಗುತ್ತದೆ. ಬೀಜ ತೆಗೆದ, ಹೊಳೆಯುವ ಕಿತ್ತಳೆ ಬಣ್ಣದ್ದು ಒಂದು. ಆ ಬಣ್ಣ ಉಳಿದಿರುವುದು ಗಂಧಕದ ಹೊಗೆಯಿಂದ. ಬೀಜದ ಸಮೇತ ಒಣಗಿ ಕಂದು ತಿರುಗಿ ಸುಕ್ಕುಗಟ್ಟಿದ್ದು ಇನ್ನೊಂದು. ನೋಡಲು ಚೆಂದವಿಲ್ಲದ ಈ ಎರಡನೆಯದೇ ಹೈದರಾಬಾದಿನ ಮದುವೆಯೂಟದ ಖುಬಾನಿ ಕಾ ಮೀಠಾಗೆ ಹೋಗುವುದು, ಡೋನಟ್‌ಗೂ ಅದೇ ಒಳ್ಳೆಯದು. ಕಾಲು ಕಿಲೋ ಖುಬಾನಿಯನ್ನು ಮುಳುಗುವಷ್ಟೇ ನೀರಿನಲ್ಲಿ ರಾತ್ರಿ ನೆನೆಹಾಕಬೇಕು. ಬೆಳಿಗ್ಗೆ ಬೀಜ ಬಿಡಿಸಿ, ನೆನೆದ ನೀರನ್ನು ಚೆಲ್ಲದೆ ಅದರಲ್ಲೇ ಬೇಯಿಸಬೇಕು. ಹಣ್ಣು ಮೆತ್ತಗಾದ ಮೇಲೆಯೇ ಸಕ್ಕರೆ. ಮೊದಲೇ ಹಾಕಿದರೆ ಸಿಪ್ಪೆ ಬಿರುಸಾಗಿಯೇ ಉಳಿಯುತ್ತದೆ. ಮೀಠಾಗೆ ಬೇಕಾದ್ದಕ್ಕಿಂತ ಕಡಿಮೆ ಸಕ್ಕರೆ ಸಾಕು, ಎಂಬತ್ತು ಗ್ರಾಂ ಹೆಚ್ಚೆಂದರೆ ನೂರು. ಕೆಳಗೆ ಡೋನಟ್ ಸಿಹಿಯಿದೆ. ಹಣ್ಣಿನಲ್ಲೇ ಪೆಕ್ಟಿನ್ ಇರುವುದರಿಂದ ಕಾರ್ನ್‌ಫ್ಲೋರ್ ಬೇಕಾಗುವುದಿಲ್ಲ. ತಣ್ಣನೆಯ ತಟ್ಟೆಗೆ ಒಂದು ಚಮಚ ಹಾಕಿದರೆ ಸುತ್ತ ನೀರಿನ ಅಂಚು ಕಾಣಬಾರದು. ಅಲ್ಲಿಗೆ ಒಲೆ ಆರಿಸಿ ನಾಲ್ಕು ಹನಿ ನಿಂಬೆರಸ ಹಿಂಡಬೇಕು.

ಬೀಜ ಒಡೆದರೆ ಬಾದಾಮಿಯಂಥ ತಿರುಳು ಸಿಗುತ್ತದೆ. ಬಿಸಿನೀರಿನಲ್ಲಿ ನೆನೆಸಿ ಸಿಪ್ಪೆ ಜಾರಿಸಿ ಮೇಲೆ ಇಟ್ಟರೆ ಡೋನಟ್‌ಗೆ ಹೈದರಾಬಾದಿನ ಚಹರೆ ಬರುತ್ತದೆ. ಆದರೆ ಕಹಿಯಾದ ತಿರುಳನ್ನು ಖಂಡಿತ ಬಳಸಬಾರದು. ಅದರಲ್ಲಿರುವ ಅಮಿಗ್ಡಲಿನ್ ಹೊಟ್ಟೆಯಲ್ಲಿ ಸಯನೈಡ್ ಬಿಡುತ್ತದೆ. ಮಕ್ಕಳಿರುವ ಮನೆಯಲ್ಲಿ ಇದು ಸಣ್ಣ ಮಾತಲ್ಲ. ಅನುಮಾನವಿದ್ದರೆ ಸೀಳಿದ ಬಾದಾಮಿಯನ್ನೇ ಇಡುವುದು ಲೇಸು.

ಹಿಟ್ಟಿನ ವಿಷಯ ಬೇಗ ಮುಗಿಸಬಹುದು. ಅರ್ಧ ಕಿಲೋ ಮೈದಾ, 220 ಮಿಲಿ ಹಾಲು, ಎರಡು ಮೊಟ್ಟೆ, ಅರವತ್ತು ಗ್ರಾಂ ಸಕ್ಕರೆ, ಅಷ್ಟೇ ಬೆಣ್ಣೆ, ಏಳು ಗ್ರಾಂ ಇನ್‌ಸ್ಟಂಟ್ ಯೀಸ್ಟ್, ಒಂದೂವರೆ ಚಮಚ ಉಪ್ಪು. ಮೊಟ್ಟೆ ಬಳಸದ ಮನೆಗಳಲ್ಲಿ ಅದರ ಜಾಗಕ್ಕೆ ಗಟ್ಟಿ ಮೊಸರು. ಪುಸ್ತಕಗಳು ಉಗುರುಬೆಚ್ಚಗಿನ ಹಾಲು ಎನ್ನುತ್ತವೆ. ಅದು ಚಳಿದೇಶದವರ ಮಾತು. ನಲವತ್ತು ಡಿಗ್ರಿ ದಾಟುವ ಹೈದರಾಬಾದಿನ ಬೇಸಿಗೆಯಲ್ಲಿ ಹಾಲು ಫ್ರಿಜ್ಜಿನಿಂದ ನೇರ ಬರಬೇಕು. ಇಲ್ಲವಾದರೆ ಹಿಟ್ಟು ಕಣ್ಣು ಮುಚ್ಚಿ ತೆರೆಯುವುದರಲ್ಲಿ ಉಬ್ಬಿ ಹುಳಿ ವಾಸನೆ ಹೊಡೆಯುತ್ತದೆ, ಬೆಣ್ಣೆ ಕರಗಿ ಲಟ್ಟಣಿಗೆಗೆ ಅಂಟುತ್ತದೆ. ಕಲಸಿದ ಹಿಟ್ಟನ್ನು ರಾತ್ರಿ ಫ್ರಿಜ್ಜಿನಲ್ಲಿಟ್ಟು ಬೆಳಿಗ್ಗೆ ಬಿಸಿಲೇರುವ ಮೊದಲು ಲಟ್ಟಿಸಿ ಕತ್ತರಿಸುವುದು ಈ ಊರಿಗೆ ಸರಿಹೊಂದುವ ಕ್ರಮ.

ಎಣ್ಣೆ 175ರಿಂದ 180 ಡಿಗ್ರಿ. ಥರ್ಮಾಮೀಟರ್ ಇಲ್ಲದಿದ್ದರೆ ಕಡಲೆಕಾಳಿನಷ್ಟು ಹಿಟ್ಟು ಬಿಟ್ಟು ನೋಡಬೇಕು: ಮುಳುಗಿ ಕ್ಷಣದಲ್ಲಿ ಮೇಲೆದ್ದು ಸಣ್ಣ ಗುಳ್ಳೆ ಬಿಟ್ಟರೆ ಹದ. ಎರಡೂ ಬದಿಗೆ ಒಂದೊಂದು ನಿಮಿಷ. ನಡುವೆ ತೆಳು ಬಣ್ಣದ ಪಟ್ಟಿ ಉಳಿದರೆ ಹಿಟ್ಟು ಚೆನ್ನಾಗಿ ಉಬ್ಬಿತ್ತೆಂದು ಅರ್ಥ. ನಡುವಿನ ತೂತಿಗೂ ಕಾರಣವಿದೆ. 1847ರಲ್ಲಿ ಹ್ಯಾನ್ಸನ್ ಗ್ರೆಗರಿ ಎಂಬ ಅಮೆರಿಕದ ನಾವಿಕ ನಡುಭಾಗ ಹಸಿ ಉಳಿಯುವುದನ್ನು ತಪ್ಪಿಸಲು ತೂತು ಮಾಡಿದನೆಂಬ ಪ್ರತೀತಿ. ಹಣ್ಣು ಇಡುವವರಿಗೆ ಆ ತೂತಿನಿಂದ ಉಪಕಾರವಿಲ್ಲ, ಗೊಜ್ಜೆಲ್ಲ ಅದರಲ್ಲಿ ಇಳಿಯುತ್ತದೆ. ಖುಬಾನಿಗೆ ತೂತಿಲ್ಲದ ದುಂಡನೆಯ ಡೋನಟ್ ಮಾಡಿ, ತುಸು ತೆಳ್ಳಗೆ ಲಟ್ಟಿಸಿ, ಕರಿದ ಮೇಲೆ ನಡುವೆ ಚಮಚದಿಂದ ಒತ್ತಿ ಗುಳಿ ಮಾಡುವುದು ನನಗೆ ಹಿಡಿಸಿದ ದಾರಿ.

ಉಳಿದ ಹಣ್ಣುಗಳಿಗೂ ಒಂದೊಂದು ಸ್ವಭಾವ. ದ್ರಾಕ್ಷಿಯನ್ನು ಹೆಚ್ಚದೆ ಇಡೀ ಇಟ್ಟರೆ, ದಾಳಿಂಬೆಯ ಕಾಳನ್ನು ಒಡೆಯದೆ ಬಿಡಿಸಿದರೆ, ಸಿಪ್ಪೆಯೇ ರಸವನ್ನು ಕಾಯುತ್ತದೆ, ಹಸಿಯಾಗಿಯೇ ಇಡಬಹುದು. ಒಂದು ಕಾಲಕ್ಕೆ ಹೈದರಾಬಾದಿನ ಸುತ್ತ ಅನಾಬ್-ಎ-ಶಾಹಿ ದ್ರಾಕ್ಷಿಯ ತೋಟಗಳಿದ್ದವು. ಊರು ಬೆಳೆದು ಅವುಗಳ ಜಾಗದಲ್ಲಿ ಮನೆಗಳೆದ್ದವು, ಆ ದಪ್ಪ ಕಾಳಿನ ಗೊಂಚಲು ಈಗ ಅಪರೂಪವಾಗಿರುವುದು ಬೇಸರದ ಸಂಗತಿ. ಅನಾನಸ್ ಹಸಿಯಾಗಿ ಕೆನೆಯ ಮೇಲೆ ಕೂಡದು. ಅದರ ಬ್ರೊಮೆಲಿನ್ ಕಿಣ್ವ ಹಾಲಿನ ಪ್ರೋಟೀನನ್ನು ಕತ್ತರಿಸಿ ಕಹಿ ಮಾಡುತ್ತದೆ. ಗೊಜ್ಜಿಗೆ ಬೇಯಿಸುವಂತೆ ಬೇಯಿಸಿದರೆ ಕಿಣ್ವ ಸಾಯುತ್ತದೆ. 2017ರಲ್ಲಿ ಭೌಗೋಳಿಕ ಗುರುತು ಪಡೆದ ಬಂಗನಪಲ್ಲಿ, ಅಂದರೆ ಇಲ್ಲಿನವರ ಬೇನಿಶಾನ್, ನಾರಿಲ್ಲದ ಗಟ್ಟಿ ಹಣ್ಣು. ಗ್ಲೇಜ್ ಬದಲು ಕರಗಿಸಿದ ಬಿಳಿ ಚಾಕೊಲೇಟ್ ಸವರಿ, ಅದು ಗಟ್ಟಿಯಾದ ಮೇಲೆ, ಬಡಿಸುವ ಹೊತ್ತಿಗೆ ಹೋಳು ಇಟ್ಟರೆ ಕೊಬ್ಬಿನ ಪದರ ನೀರನ್ನು ತಡೆಯುತ್ತದೆ.

ಸೀತಾಫಲ ಮಾತ್ರ ಈ ಲೆಕ್ಕಕ್ಕೆಲ್ಲ ಉಲ್ಟಾ. ಮಳೆಗಾಲ ಮುಗಿಯುತ್ತಲೇ ಮಹಬೂಬ್‌ನಗರದ ಕಡೆಯಿಂದ ಬುಟ್ಟಿಗಳು ಬರುತ್ತವೆ. ಈ ಹಣ್ಣನ್ನು ಕಾಯಿಸಿದರೆ ತಿರುಳು ಗುಲಾಬಿ ಬಣ್ಣಕ್ಕೆ ತಿರುಗಿ ಕಹಿಯಾಗುತ್ತದೆ. 1935ರಲ್ಲಿ ಕಟ್ಟಿದ ಮೊಜಂಜಾಹಿ ಮಾರುಕಟ್ಟೆಯ ಐಸ್‌ಕ್ರೀಮ್ ಅಂಗಡಿಗಳಲ್ಲಿ ಸಿಗುವ ಸೀತಾಫಲದ ಐಸ್‌ಕ್ರೀಮ್ ತಿಂದವರಿಗೆ ತಣ್ಣಗಿನ ಕೆನೆಗೂ ಈ ಹಣ್ಣಿಗೂ ಇರುವ ನಂಟು ಗೊತ್ತು. ಡೋನಟ್‌ಗೂ ಅದೇ: ಹಾಲನ್ನು ಇಂಗಿಸಿ ಗಟ್ಟಿ ರಬಡಿ ಮಾಡಿ, ಪೂರಾ ತಣಿಸಿ, ಆಮೇಲೆ ಬೀಜ ಬಿಡಿಸಿದ ತಿರುಳನ್ನು ಬೆರೆಸಬೇಕು. ಇದನ್ನು ಹಾಕಿದ ಡೋನಟ್ ಅಂದೇ, ಆ ಹೊತ್ತಿಗೇ ಖರ್ಚಾಗಬೇಕು. ಖುಬಾನಿಯದ್ದಾದರೆ ಮರುದಿನ ಶಾಲೆಯ ಡಬ್ಬಿಗೂ ಬರುತ್ತದೆ, ಮಿಕ್ಕ ಖುಬಾನಿ ಫ್ರಿಜ್ಜಿನಲ್ಲಿ ವಾರ ನಿಲ್ಲುತ್ತದೆ.