ಬಿಚ್ಚುವ ಮೊದಲು ಕಾಲನ್ನು ಕೇಳು

ತೀರ್ಥಹಳ್ಳಿ

ಚಿ. ಪುಟ್ಟಿಗೆ,

ನಿನ್ನ ಕಾಗದ ತಲುಪಿತು. ನೀನು ಹಳೇ ಅಂಬಾಸಿಡರ್ ಕೊಂಡ ಸುದ್ದಿಯನ್ನು ನಿಮ್ಮಪ್ಪ ಫೋನಿನಲ್ಲಿ ಹೇಳಿ ಅರ್ಧ ಗಂಟೆ ಗೊಣಗಿದ್ದ. ನನಗಂತೂ ಖುಷಿಯೇ ಆಯಿತು, ಅವನಿಗೆ ಹೇಳಬೇಡ. ಮಾರ್ಕ್ 3 ಎಂದು ಬರೆದಿದ್ದೀಯ. ಮುಂದಿನ ಗ್ರಿಲ್ ಎಷ್ಟು ಸಲ ಬದಲಾದರೂ ಆ ಗಾಡಿಯ ಮೈಕಟ್ಟು ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಸೀರೀಸ್ 3ರದ್ದೇ. ಉತ್ತರಪಾರಾದ ಕಾರ್ಖಾನೆ 2014ರಲ್ಲಿ ಬಾಗಿಲು ಹಾಕುವವರೆಗೂ ಆ ಗುಂಡು ಮೈಯನ್ನು ಬಿಡಲಿಲ್ಲ. ನಾಲ್ಕು ಚಕ್ರಕ್ಕೂ ಡ್ರಮ್ ಬ್ರೇಕು, ಸರ್ವೋ ಇಲ್ಲ. ಹಾಗಾಗಿ ಪೆಡಲ್ ಗಟ್ಟಿ ಎನ್ನುವ ನಿನ್ನ ಮೊದಲ ದೂರನ್ನು ನಾನು ದೂರು ಎಂದೇ ಎಣಿಸುವುದಿಲ್ಲ. ಅದು ಇರುವುದೇ ಹಾಗೆ. ಹೊಸ ಕಾರಿನಲ್ಲಿ ಬೆರಳ ತುದಿ ತಾಗಿಸಿ ಅಭ್ಯಾಸವಾದ ಕಾಲು ಇಲ್ಲಿ ಸ್ವಲ್ಪ ದುಡಿಯಬೇಕು.

ಉಳಿದ ಮೂರು ಮಾತ್ರ ನಿಜವಾದ ಕಾಯಿಲೆಗಳು: ಮೊದಲ ತುಳಿತಕ್ಕೆ ಪೆಡಲ್ ಆಳಕ್ಕೆ ಹೋಗುತ್ತದೆ, ಎರಡನೆಯದಕ್ಕೆ ಮೇಲೆ ನಿಲ್ಲುತ್ತದೆ, ಗಾಡಿ ಎಡಕ್ಕೆ ಎಳೆಯುತ್ತದೆ, ಮುಂದಿನ ಎಡ ಚಕ್ರ ಕೈ ಇಡಲಾಗದಷ್ಟು ಬಿಸಿ. ಇದನ್ನು ಕೇಳಿ ನಿನ್ನ ಮೆಕ್ಯಾನಿಕ್ ಕೆಳಗೆ ಬಗ್ಗಿಯೂ ನೋಡದೆ ‘ಮಾಸ್ಟರ್ ಸಿಲಿಂಡರ್ ಹೋಗಿದೆ, ಹೊಸದು ತನ್ನಿ’ ಎಂದನಂತೆ. ಹೊಸದು ತರಲು ಜೆ.ಸಿ. ರೋಡಿಗೆ ಓಡಬೇಡ ಮಾರಾಯ್ತಿ. ದುಡ್ಡು ಬಿಚ್ಚುವ ಮೊದಲು, ಸ್ಪ್ಯಾನರ್ ಹಿಡಿಯುವ ಮೊದಲು, ನಿನ್ನ ಕಾಲನ್ನೇ ಕೇಳು. ಹಳೇ ಹೈಡ್ರಾಲಿಕ್ ಬ್ರೇಕಿನ ಮುಕ್ಕಾಲು ಪಾಲು ರೋಗ ಪೆಡಲಿನ ಮೇಲೆಯೇ ತಿಳಿಯುತ್ತದೆ.

ಗಾಡಿ ನಿಂತಿರುವಾಗ ಪೆಡಲನ್ನು ಗಟ್ಟಿಯಾಗಿ ಒತ್ತಿ ಒಂದು ನಿಮಿಷ ಹಾಗೇ ಹಿಡಿ. ಕಾಲಡಿಯಲ್ಲಿ ಅದು ಮೆಲ್ಲಗೆ ಇಳಿಯುತ್ತಾ ಹೋದರೆ ಎಲ್ಲೋ ಸೋರುತ್ತಿದೆ. ನಾಲ್ಕು ಚಕ್ರದ ಒಳಮಗ್ಗುಲು, ಪೈಪಿನ ಜಾಯಿಂಟುಗಳು, ಹೋಸುಗಳನ್ನು ನೋಡು. ಎಲ್ಲೂ ಹಸಿ ಕಾಣದೆ ಪೆಡಲ್ ಮಾತ್ರ ಇಳಿಯುತ್ತಿದ್ದರೆ ಆಗ ಮಾಸ್ಟರ್ ಸಿಲಿಂಡರಿನ ಒಳಗಿನ ರಬ್ಬರ್ ಸವೆದು ಆಯಿಲ್ ಹಿಂದಕ್ಕೆ ನುಸುಳುತ್ತಿದೆ ಎನ್ನಬಹುದು. ಹಾಗಿದ್ದರೆ ಮೆಕ್ಯಾನಿಕ್ಕಿನ ಮಾತೇ ಸರಿ. ಪೆಡಲ್ ಇಳಿಯದೆ ನಿಂತರೆ ಮಾಸ್ಟರ್ ಸಿಲಿಂಡರನ್ನು ಅದರ ಪಾಡಿಗೆ ಬಿಡು. ನೀನು ಬರೆದ ಲಕ್ಷಣಕ್ಕೆ ಪೆಡಲ್ ನಿಲ್ಲುತ್ತದೆ ಎಂದೇ ನನ್ನ ಅಂದಾಜು.

ಎರಡನೇ ತುಳಿತಕ್ಕೆ ಪೆಡಲ್ ಮೇಲೆ ಬಂದು ಕಲ್ಲಿನಂತೆ ನಿಂತರೆ ಶೂಗಳು ಡ್ರಮ್ಮಿನಿಂದ ದೂರ ಸರಿದಿವೆ ಎಂದರ್ಥ. ಲೈನರ್ ಸವೆದಿದೆ, ಅಡ್ಜಸ್ಟ್ ಮಾಡಿಲ್ಲ, ಅಷ್ಟೇ. ಚಕ್ರ ಎತ್ತಿ ಅಡ್ಜಸ್ಟರನ್ನು ಶೂ ಡ್ರಮ್ಮಿಗೆ ಕಚ್ಚುವವರೆಗೆ ತಿರುಗಿಸಿ, ಚಕ್ರ ಸಲೀಸಾಗಿ ಸುತ್ತುವಷ್ಟು ಹಿಂದಕ್ಕೆ ಬಿಡು. ಮುಂದಿನ ಚಕ್ರದಲ್ಲಿ ಎರಡು ಶೂಗಳಿಗೂ ಬೇರೆ ಬೇರೆ ಅಡ್ಜಸ್ಟರ್ ಇರುತ್ತದೆ. ಒಂದನ್ನು ತಿರುಗಿಸಿ ಇನ್ನೊಂದನ್ನು ಮರೆಯುವವರು ಬಹಳ. ಮೇಲೆ ಬಂದರೂ ಒತ್ತಿದಾಗ ಮೆತ್ತಗೆನಿಸಿದರೆ ಮಾತ್ರ ಪೈಪಿನಲ್ಲಿ ಗಾಳಿ ಸೇರಿದೆ. ಅಡ್ಜಸ್ಟ್ ಮಾಡಿದ ಮೇಲೆ ದೂರದ ಚಕ್ರದಿಂದ ಶುರುಮಾಡಿ ಏರ್ ತೆಗೆಯಬೇಕು.

ಇನ್ನು ಆ ಎಡ ಚಕ್ರ. ಎಡಕ್ಕೆ ಎಳೆಯುತ್ತದೆ ಎಂದು ಬರೆದೆ, ಯಾವಾಗ ಎಂದು ಬರೆಯಲಿಲ್ಲ. ಬ್ರೇಕ್ ಒತ್ತಿದಾಗಲೋ, ಕಾಲು ತೆಗೆದ ಮೇಲೋ? ಇದೇ ಮುಖ್ಯ ಪ್ರಶ್ನೆ ಕಣೆ. ಖಾಲಿ ಮೈದಾನದಲ್ಲಿ, ನಡಿಗೆಗಿಂತ ಸ್ವಲ್ಪವೇ ಜೋರಾಗಿ ಓಡಿಸಿ ಗಮನಿಸು. ಒತ್ತಿದ ತಕ್ಷಣ ಕ್ಷಣಕಾಲ ಬಲಕ್ಕೆ ತಿರುಗಿ, ಕಾಲು ತೆಗೆದ ಮೇಲೆ ಎಡಕ್ಕೆ ಎಳೆಯುತ್ತಾ ಹೋದರೆ ಮುಂದಿನ ಎಡಗಡೆಯ ರಬ್ಬರ್ ಹೋಸಿನ ಮೇಲೆ ಅನುಮಾನ ಪಡು. ಹೊರಗೆ ಚೆನ್ನಾಗಿಯೇ ಕಾಣುತ್ತದೆ. ಒಳಗಿನ ಪದರ ಉಬ್ಬಿ, ಎದ್ದು, ನಮ್ಮ ತೋಟದ ಪಂಪ್‌ಸೆಟ್ಟಿನ ಫುಟ್‌ವಾಲ್ವಿನ ಹಾಗೆ ಒಂದೇ ಕಡೆಗೆ ಬಿಡುತ್ತಿರುತ್ತದೆ. ನಿನ್ನ ಕಾಲಿನ ಒತ್ತಡ ಆಯಿಲನ್ನು ಚಕ್ರದ ಕಡೆಗೆ ನೂಕುತ್ತದೆ. ವಾಪಸ್ ಎಳೆಯಲು ಶೂಗಳ ಸ್ಪ್ರಿಂಗಿಗೆ ಅಷ್ಟು ಬಲವಿಲ್ಲ. ಆಯಿಲ್ ಅಲ್ಲೇ ಉಳಿಯುತ್ತದೆ, ಶೂ ಉಜ್ಜುತ್ತಲೇ ಇರುತ್ತದೆ, ಡ್ರಮ್ ಕಾಯುತ್ತದೆ.

ಅನುಮಾನವನ್ನು ಖಾತ್ರಿ ಮಾಡಿಕೊಳ್ಳುವ ದಾರಿಯೂ ಇದೆ. ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಮುಂದಿನ ಎಡಭಾಗವನ್ನು ಎತ್ತಿ ಸ್ಟ್ಯಾಂಡಿನ ಮೇಲೆ ನಿಲ್ಲಿಸು. ಜಾಕೊಂದನ್ನೇ ನಂಬಿ ಕೆಳಗೆ ತೂರಬೇಡ, ಇದು ಆಣೆ. ಯಾರಾದರೂ ಬ್ರೇಕ್ ಒತ್ತಿ ಬಿಡಲಿ. ಚಕ್ರ ಕೈಗೆ ತಿರುಗದೆ ಜಾಮ್ ಆಗಿದ್ದರೆ ಬ್ಲೀಡಿಂಗ್ ನಿಪ್ಪಲ್ ಸ್ವಲ್ಪ ಸಡಿಲಿಸು. ಆಯಿಲ್ ಚಿಮ್ಮಿ ಚಕ್ರ ಬಿಟ್ಟುಕೊಂಡರೆ ಒತ್ತಡ ಸಿಕ್ಕಿಬಿದ್ದಿತ್ತು ಎಂದಾಯಿತು. ಬಿಟ್ಟುಕೊಳ್ಳದಿದ್ದರೆ ದೋಷ ಡ್ರಮ್ಮಿನೊಳಗೇ: ವೀಲ್ ಸಿಲಿಂಡರಿನ ಪಿಸ್ಟನ್ ತುಕ್ಕು ಹಿಡಿದಿದೆ, ಇಲ್ಲವೇ ಸ್ಪ್ರಿಂಗ್ ಮುರಿದಿದೆ, ಇಲ್ಲವೇ ಶೂ ಅತಿಯಾಗಿ ಬಿಗಿದಿದೆ. ಬಿಟ್ಟುಕೊಂಡಿತು ಅನ್ನು, ನಿಪ್ಪಲ್ ಬಿಗಿದು, ಮತ್ತೆ ಒತ್ತಿ ಬಿಟ್ಟು, ಈ ಸಲ ಹೋಸಿನ ಮೇಲ್ತುದಿಯಲ್ಲಿ ಲೋಹದ ಪೈಪು ಸೇರುವ ಜಾಗವನ್ನು ಸಡಿಲಿಸು. ಚಕ್ರ ಜಾಮ್ ಆಗಿಯೇ ಉಳಿದರೆ ಹೋಸೇ ಅಪರಾಧಿ. ಅಲ್ಲಿ ಸಡಿಲಿಸಿದಾಗ ಬಿಟ್ಟುಕೊಂಡರೆ ತಡೆ ಇನ್ನೂ ಮೇಲಿದೆ. ಆದರೆ ಹಾಗಿದ್ದರೆ ಬಲಚಕ್ರವೂ ಬಿಸಿಯಾಗಬೇಕಿತ್ತು. ಪೆಡಲಿಗೂ ಮಾಸ್ಟರ್ ಸಿಲಿಂಡರಿಗೂ ನಡುವಿನ ಕಡ್ಡಿಗೆ ಚೂರು ಸಡಿಲವೇ ಇಲ್ಲದಂತೆ ಬಿಗಿದಾಗ ನಾಲ್ಕೂ ಚಕ್ರ ಹೀಗೆ ಹಿಡಿದುಕೊಳ್ಳುವುದುಂಟು, ಏಕೆಂದರೆ ಆಯಿಲ್ ವಾಪಸ್ ಬರುವ ಸಣ್ಣ ತೂತು ಮುಚ್ಚಿಹೋಗುತ್ತದೆ. ಹಳೇ ನಿಪ್ಪಲ್ ಮುರಿಯುವ ಜಾತಿಯದು, ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಹಾಕಿಡು. ಎಲ್ಲ ಮುಗಿದ ಮೇಲೆ ಏರ್ ತೆಗೆಯಲೇಬೇಕು ಎಂದು ಬೇರೆ ಹೇಳಬೇಕಿಲ್ಲವಲ್ಲ.

ಹೋಸ್ ಬದಲಿಸುವುದಾದರೆ ಎಡ ಬಲ ಎರಡನ್ನೂ ಬದಲಿಸು. ಅಂಗಡಿಯ ಅಟ್ಟದಲ್ಲಿ ವರ್ಷಗಟ್ಟಲೆ ಬಿದ್ದಿದ್ದ ‘ಒರಿಜಿನಲ್’ ಬೇಡ. ರಬ್ಬರಿಗೆ ಅಟ್ಟದ ಮೇಲೂ ವಯಸ್ಸಾಗುತ್ತದೆ.

ಹಳೇ ಆಯಿಲನ್ನು ಪೂರ್ತಿ ತೆಗೆದು ಹೊಸದು ತುಂಬು. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ, ನಮ್ಮ ಮಳೆಗಾಲದಲ್ಲಂತೂ ಕೇಳಬೇಡ. ಡಾಟ್ 3 ಹೊಸದಿದ್ದಾಗ ಕನಿಷ್ಠ 205 ಡಿಗ್ರಿಯವರೆಗೆ ಕುದಿಯದೆ ತಡೆಯಬೇಕು. ನೀರು ಕುಡಿದ ಮೇಲೆ ಆ ಲೆಕ್ಕ 140ಕ್ಕೆ ಇಳಿಯುತ್ತದೆ. ಘಾಟಿಯಲ್ಲಿ ಕುದಿದು ಆವಿಯಾದರೆ ಪೆಡಲ್ ಒತ್ತಿದರೂ ಒತ್ತಡ ಹುಟ್ಟುವುದಿಲ್ಲ. ನಿನ್ನ ಗಾಡಿಯಲ್ಲಿ ನಾಲ್ಕು ಚಕ್ರಕ್ಕೂ ಆಯಿಲ್ ಹೋಗಲು ಒಂದೇ ದಾರಿಯಾಗಿದ್ದರೆ ಒಂದು ಕಡೆ ಕೈಕೊಟ್ಟಾಗ ಇನ್ನೊಂದು ಕಡೆ ಉಳಿಯುವುದಿಲ್ಲ, ಹ್ಯಾಂಡ್ ಬ್ರೇಕ್ ಒಂದೇ ಗತಿ. ಅದಕ್ಕೇ ಅದನ್ನೂ ಸರಿಮಾಡಿಸು. ರಬ್ಬರ್ ಭಾಗಗಳನ್ನು ತೊಳೆಯಲು ಪೆಟ್ರೋಲಾಗಲಿ ಸೀಮೆಎಣ್ಣೆಯಾಗಲಿ ತಾಗಿಸಬೇಡ, ಉಬ್ಬಿಹೋಗುತ್ತವೆ. ಹೊಸ ಬ್ರೇಕ್ ಆಯಿಲಿನಲ್ಲೇ ತೊಳೆ.

ಹಿಂದಿನ ಡ್ರಮ್ ಬಿಚ್ಚಿದಾಗ ಒಳಗೆ ಹಸಿ ಕಂಡರೆ ಬೆರಳಿಗೆ ಹಚ್ಚಿ ನೋಡು. ತೆಳ್ಳಗಿದ್ದು ನೀರಿನಲ್ಲಿ ತೊಳೆದುಹೋದರೆ ಬ್ರೇಕ್ ಆಯಿಲ್, ವೀಲ್ ಸಿಲಿಂಡರ್ ಸೋರಿದೆ. ಮಂದವಾಗಿ, ಗಂಧಕದ ಘಾಟು ಹೊಡೆದರೆ ಅದು ಆಕ್ಸಲಿನ ಗೇರ್ ಆಯಿಲ್. ಆಯಿಲ್ ಸೀಲ್ ಬದಲಿಸದೆ ಹೊಸ ಲೈನರ್ ಹಾಕಿದರೆ ಅದೂ ನೆನೆಯುತ್ತದೆ.

ಇದೆಲ್ಲ ಆದ ಮೇಲೆ ಊರಿಗೆ ಓಡಿಸಿಕೊಂಡು ಬಾ. ಆಗುಂಬೆಯ 14 ತಿರುವು ಇಳಿಯುವ ಆಸೆ ನಿನಗಿದೆ ಎಂದು ಗೊತ್ತು, ಹೋಗೋಣ. ಹತ್ತಲು ಯಾವ ಗೇರ್ ಬೇಕೋ ಇಳಿಯಲೂ ಅದೇ ಗೇರ್. ಬ್ರೇಕಿನ ಮೇಲೆ ಸದಾ ಕಾಲಿಟ್ಟು ಇಳಿದರೆ ಡ್ರಮ್ ಕಾದು ಹಿಗ್ಗಿ ಶೂನಿಂದ ದೂರ ಹೋಗುತ್ತದೆ, ಲೈನರಿನ ಹಿಡಿತವೂ ಸತ್ತುಹೋಗುತ್ತದೆ. ಇನ್ನೊಂದು, ಈ ಗಾಡಿಯ ಮುಂದಿನ ಬ್ರೇಕು ಮುಂದಕ್ಕೆ ಹೋಗುವಾಗ ಹಿಡಿದಷ್ಟು ಹಿಂದಕ್ಕೆ ಜಾರುವಾಗ ಹಿಡಿಯುವುದಿಲ್ಲ. ಎರಡು ಶೂಗಳನ್ನೂ ಜೋಡಿಸಿರುವುದು ಮುಂದಿನ ಓಟಕ್ಕೆ. ಹತ್ತುವಾಗ ಏರಿನಲ್ಲಿ ನಿಲ್ಲಿಸಬೇಕಾಗಿ ಬಂದರೆ ಹ್ಯಾಂಡ್ ಬ್ರೇಕನ್ನೂ ಎಳೆದುಕೊ.

ಗಾಡಿ ಎಡಕ್ಕೆ ಎಳೆಯುವುದು ಬ್ರೇಕ್ ಒತ್ತಿದಾಗಲೋ, ಬಿಟ್ಟಾಗಲೋ ಎಂಬುದನ್ನು ಮೊದಲು ಬರೆದು ತಿಳಿಸು. ಅಲ್ಲಿಯವರೆಗೆ ಗಾಡಿ ರಸ್ತೆಗೆ ಬೇಡ.

ಇಂತಿ,
ನಿನ್ನ ದೊಡ್ಡಪ್ಪ

ವಿ.ಸೂ.: ಡ್ರಮ್ಮಿನೊಳಗಿನ ಕಪ್ಪು ಪುಡಿಯನ್ನು ಬಾಯಲ್ಲಿ ಊದಬೇಡ, ಕಂಪ್ರೆಸರ್ ಗಾಳಿಯನ್ನೂ ಹೊಡೆಸಬೇಡ. ಹಳೇ ಲೈನರುಗಳಲ್ಲಿ ಕಲ್ನಾರು ಇರುತ್ತಿತ್ತು, ಅದು ಶ್ವಾಸಕೋಶಕ್ಕೆ ವಿಷ. ಮಾಸ್ಕ್ ಹಾಕಿಕೊಂಡು ಒದ್ದೆ ಬಟ್ಟೆಯಲ್ಲಿ ಒರೆಸಿ, ಬಟ್ಟೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಎಸೆ. ಬ್ರೇಕ್ ಆಯಿಲ್ ಬಾಡಿಯ ಮೇಲೆ ಬಿದ್ದರೆ ಆಗಲೇ ನೀರು ಹಾಕಿ ತೊಳೆ, ಪೇಂಟ್ ಎದ್ದುಹೋಗುತ್ತದೆ.